ಹನ್ನೆರಡು, ಏಳು, ಐದು

ಊರಿನವರಿಗೆಲ್ಲ ಮನೆ ಕಟ್ಟಿಕೊಟ್ಟ ನನ್ನ ಅಪ್ಪ ತನ್ನ ಮನೆಯನ್ನು ಮಾತ್ರ ಕಟ್ಟಿ ಮುಗಿಸಲಿಲ್ಲ. ಪೆರಾಬೆಯ ಆ ಮನೆಗೆ ಕೆಂಪುಕಲ್ಲಿನ ಗೋಡೆ ಎದ್ದಿತ್ತು, ಮೇಲೆ ಹಂಚು ಕೂತಿತ್ತು. ಗಾರೆ ಬಳಿಯುವುದೊಂದು ಬಾಕಿ. ಅದು "ಬರುವ ಬೇಸಿಗೆಗೆ" ಎಂದು ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತಿತ್ತು. ಬೇಸಿಗೆ ಬಂದ ಕೂಡಲೇ ಬೇರೆ ಯಾರದೋ ಮನೆಯ ಗಾರೆ ಕೆಲಸ ಬರುತ್ತಿತ್ತು, ಅಪ್ಪ ಕರಣೆ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಹಾಗಾಗಿ ನಮ್ಮ ಗೋಡೆಗಳು ಒಳಗಿನಿಂದಲೂ ಹೊರಗಿನಿಂದಲೂ ಒರಟಾಗಿಯೇ ಉಳಿದವು. ಒರಗಿ ಕೂತರೆ ಬೆನ್ನಿಗೆ ಕೆಂಪು, ಮೊಣಕೈ ತಾಗಿದರೆ ಮೊಣಕೈಗೆ ಕೆಂಪು. ಶಾಲೆಯಲ್ಲಿ ನನ್ನ ಬಿಳಿ ರವಿಕೆಯ ಬೆನ್ನು ನೋಡಿಯೇ "ಮೇಸ್ತ್ರಿಯ ಮಗಳು" ಎಂದು ಗುರುತು ಹಿಡಿಯುತ್ತಿದ್ದರು. ಆಗ ಅದಕ್ಕೆ ಸಿಟ್ಟು ಬರುತ್ತಿತ್ತು. ಈಗ ಪುತ್ತೂರಿನ ನನ್ನ ಮನೆಯ ಗೋಡೆಗೆ ನುಣ್ಣಗೆ ಬಣ್ಣ ಬಳಿಸಿದ್ದೇನೆ, ಒರಗಿ ಕೂತರೆ ಬೆನ್ನಿಗೆ ಏನೂ ಹತ್ತುವುದಿಲ್ಲ. ಆದರೂ ಏಳುವಾಗ ಕೈ ತಾನಾಗಿ ಹಿಂದಕ್ಕೆ ಹೋಗಿ ಸೀರೆ ಕೊಡವುತ್ತದೆ.

ಮನೆಯಲ್ಲಿ ನಾಲ್ಕು ಜನ: ಅಪ್ಪ, ಅಮ್ಮ, ಮಾಮಿ ಮತ್ತು ನಾನು. ಮಾಮಿ ಎಂದರೆ ಅಪ್ಪನ ಅಕ್ಕ. ನಮ್ಮ ಮನೆಮಾತು ತುಳು, ಅದರಲ್ಲಿ ಸೋದರತ್ತೆಗೆ ಹಾಗೇ ಕರೆಯುವುದು. ಅಂದು ಆಡಿದ ಮಾತುಗಳನ್ನು ಇಲ್ಲಿ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಮಾಮಿಯ ಮಾತಿನ ಖಾರ ಅದರಲ್ಲಿ ಅರ್ಧವಾದರೂ ಉಳಿದರೆ ಸಾಕು. ಒಂದು ಅಡುಗೆಕೋಣೆ, ಒಂದು ಮಲಗುವ ಕೋಣೆ, ಅಪ್ಪನ ಕರಣೆ, ತೂಗುಗುಂಡು, ಸಿಮೆಂಟಿನ ಖಾಲಿ ಚೀಲಗಳು ತುಂಬಿದ ಇನ್ನೊಂದು ಕೋಣೆ, ಎದುರಿಗೆ ಉದ್ದ ಜಗಲಿ. ನಿಜವಾದ ಮನೆ ಅಂದರೆ ಆ ಜಗಲಿಯೇ. ಅಮ್ಮ, ಮಾಮಿ ಇಬ್ಬರೂ ಬೆಳಿಗ್ಗೆ ಗಂಜಿ ಊಟ ಮುಗಿಸಿ ಅಲ್ಲಿ ಕೂತರೆ ಬೀಡಿ ಕಟ್ಟುವುದು ನಿಲ್ಲುತ್ತಿದ್ದದ್ದು ಮಧ್ಯಾಹ್ನದ ಅನ್ನ ಬಸಿಯುವಾಗ. ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆಯ ವಾಸನೆ, ಮೊರದಂಥ ಗೆರಸಿಯಲ್ಲಿ ಹೊಗೆಸೊಪ್ಪಿನ ಘಾಟು, ಕತ್ತರಿಯ ಕಚಕಚ. ಶಾಲೆಯಿಂದ ಬಂದ ಮೇಲೆ ಸುತ್ತಿಟ್ಟ ಬೀಡಿಗಳ ತುದಿ ಮಡಚುವುದು ನನ್ನ ಪಾಲಿನ ಕೆಲಸ. ಅಮ್ಮನಿಗೆ ಬಲ ಭುಜ ಎತ್ತಲು ಆಗುತ್ತಿರಲಿಲ್ಲ. ಬಾವಿಯಿಂದ ಕೊಡ ಎಳೆಯುವಾಗ ಒಮ್ಮೆ ಉಳುಕಿದ್ದು ಮತ್ತೆ ಸರಿಯಾಗಲೇ ಇಲ್ಲ. ಬೀಡಿ ಕೊಳ್ಳುವ ಬ್ರಾಂಚಿಗೆ ಕೊಡಬೇಕಾದ ಕಟ್ಟು ಮಾತ್ರ ಭುಜ ನೋಯುತ್ತದೆಂದು ಕಡಿಮೆಯಾಗುತ್ತಿರಲಿಲ್ಲ.

ಮಾಮಿ ಮದುವೆಯಾದ ಎರಡನೇ ವರ್ಷಕ್ಕೆ ಗಂಡನ ಮನೆಯಿಂದ ತನ್ನ ಟ್ರಂಕನ್ನು ತಾನೇ ತಲೆಯ ಮೇಲೆ ಹೊತ್ತುಕೊಂಡು ನಡೆದು ಬಂದವಳು. ಯಾಕೆ ಬಂದೆ ಎಂದು ಕೇಳಿದವರಿಗೆ "ಅಲ್ಲಿ ಗಾಳಿ ಬರುದಿಲ್ಲ" ಎಂದಷ್ಟೇ ಹೇಳಿದಳಂತೆ. ಅದಕ್ಕಿಂತ ಹೆಚ್ಚು ಯಾರೂ ಕೇಳಲಿಲ್ಲ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವಳು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಅಪ್ಪ ಹುಟ್ಟಿದಾಗ ತೊಟ್ಟಿಲು ತೂಗಲು ಒಬ್ಬರು ಬೇಕೆಂದು ಅವಳನ್ನು ಬಿಡಿಸಿದರು. ಆ ಮಾತನ್ನು ಅವಳು ನಗುತ್ತಲೇ ಹೇಳುತ್ತಿದ್ದಳು, ಆದರೆ ವರ್ಷಕ್ಕೆ ನಾಲ್ಕಾರು ಸಲ ಹೇಳುತ್ತಿದ್ದಳು, ಅದೂ ಅಪ್ಪ ಕೇಳಿಸಿಕೊಳ್ಳುವಾಗಲೇ. ಕೈಕೆಲಸದಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಓಲೆಯ ಬುಟ್ಟಿ, ಹಗ್ಗದ ನೆಲವು, ಮುರಿದ ಕೊಡೆಯ ಕಡ್ಡಿ, ಎಲ್ಲವೂ ಅವಳ ಮಡಿಲಿಗೆ ಬಂದು ಸರಿಯಾಗಿ ಹೋಗುತ್ತಿದ್ದವು.

ಅಪ್ಪನಿಗೆ ಗೊತ್ತಿದ್ದ ಗಣಿತವೆಲ್ಲ ಒಂದು ಹಗ್ಗದಲ್ಲಿತ್ತು. ಹನ್ನೆರಡು ಸಮ ಭಾಗಕ್ಕೆ ಹನ್ನೆರಡು ಗಂಟು ಹಾಕಿದ ಹಗ್ಗ. ಪಂಚಾಂಗ, ಅಂದರೆ ಮನೆಯ ತಳಪಾಯ, ಹಾಕುವ ದಿನ ಆ ಹಗ್ಗವನ್ನು ಮೂರು, ನಾಲ್ಕು, ಐದು ಎಂದು ಗೂಟ ಹೊಡೆದು ಎಳೆದರೆ ಮನೆಯ ಮೂಲೆ ಮಟ್ಟಸವಾಗಿ ನಿಲ್ಲುತ್ತಿತ್ತು. ಅದು ಯಾಕೆ ಹಾಗೆ ಎಂದು ಅವರು ಯಾರನ್ನೂ ಕೇಳಿದವರಲ್ಲ. ಅವರ ಗುರುವಿನ ಕೈಯಿಂದ ಬಂದದ್ದು, ಅಷ್ಟು ಸಾಕು. ರಜೆಯಲ್ಲಿ ನಾನು ಬುತ್ತಿ ಕೊಡಲು ಹೋದಾಗ ಎಷ್ಟೋ ಸಲ ಗೂಟದ ಬಳಿ ನಿಂತು ಆ ಹಗ್ಗದ ತುದಿ ಹಿಡಿದಿದ್ದೇನೆ. ಮೂರೂ ಬದಿ ಕೂಡಿಸಿದರೆ ಹನ್ನೆರಡು ಎಂದು ಆಗಲೇ ಗೊತ್ತಿತ್ತು. ಗೊತ್ತಿದ್ದದ್ದು ಬೇಕಾದ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೇ.

ಏಳನೇ ಕ್ಲಾಸಿನಲ್ಲಿದ್ದೆ. ನಮ್ಮ ಶಾಲೆ ಇದ್ದದ್ದು ಏಳರವರೆಗೆ. ಆಮೇಲೆ ಕಲಿಯಬೇಕಾದರೆ ಬಸ್ಸು ಹತ್ತಿ ಕಡಬದ ಹೈಸ್ಕೂಲಿಗೆ ಹೋಗಬೇಕು. ಆ ವರ್ಷ ಶಾಲೆ ಶುರುವಾದ ದಿನವೇ ಅಪ್ಪ ಊಟಕ್ಕೆ ಕೂತು, ಮೀನಿನ ಮುಳ್ಳು ತೆಗೆಯುತ್ತ, ನನ್ನ ಮುಖ ನೋಡದೆ ಹೇಳಿದ್ದರು:

"ಎಲ್ಲ ಸಬ್ಜೆಕ್ಟಲ್ಲೂ ಪಾಸಾದರೆ ಕಡಬಕ್ಕೆ. ಒಂದರಲ್ಲಿ ಫೇಲಾದರೂ ಅಮ್ಮನ ಹತ್ತಿರ ಜಗಲಿಯಲ್ಲಿ ಕೂತುಕೋ. ಅವಳ ಭುಜಕ್ಕೆ ಆಗುದಿಲ್ಲ."

ಅಪ್ಪ ಕೆಟ್ಟವರಲ್ಲ, ಇದನ್ನು ಈಗ ಹೇಳಬಲ್ಲೆ. ಅಮ್ಮನ ನೋವು ನೋಡಿ ಅವರಿಗೆ ಹೊಳೆದ ದಾರಿ ಅದೊಂದೇ. ಆದರೆ ಹನ್ನೆರಡು ವರ್ಷದವಳಿಗೆ ಅದು ಬಾಗಿಲು ಮುಚ್ಚುವ ಸದ್ದಿನ ಹಾಗೇ ಕೇಳಿಸಿತು. ನನಗೆ ಆ ಬಸ್ಸು ಬೇಕಿತ್ತು. ಪೆರಾಬೆಯ ತಿರುವಿನಲ್ಲಿ ಬೆಳಿಗ್ಗೆ ಅದು ನಿಂತಾಗ ನೀಲಿ ಲಂಗದ ಹುಡುಗಿಯರು ಪುಸ್ತಕ ಎದೆಗವಚಿಕೊಂಡು ಹತ್ತುವುದನ್ನು ದಿನಾ ನೋಡುತ್ತಿದ್ದೆ. ಅವರೆಲ್ಲ ಎಲ್ಲಿಗೋ ಹೋಗುವವರು, ನಾನು ಮಾತ್ರ ಬೀಡಿಯ ತುದಿ ಮಡಚುವವಳು ಎಂದು ಆಗಲೇ ಕಣ್ಣಲ್ಲಿ ನೀರು ಬರುತ್ತಿತ್ತು.

ಅರ್ಧವಾರ್ಷಿಕ ಪರೀಕ್ಷೆಯ ಗಣಿತದ ಪೇಪರು ದಸರಾ ರಜೆ ಮುಗಿದ ಮೇಲೆ ಕೈಗೆ ಬಂತು. ಮೂವತ್ತೊಂದು. ಪಾಸಿಗೆ ಬೇಕಾದದ್ದು ಮೂವತ್ತೈದು. ತಪ್ಪುಗಳು ಬೇರೆಯೂ ಇದ್ದವು, ಆದರೆ ಪಾಸಿಗೆ ಕಡಿಮೆಬಿದ್ದ ನಾಲ್ಕು ಅಂಕ ಎಲ್ಲಿ ಹೋಯಿತೆಂದು ಹುಡುಕಬೇಕಾಗಿರಲಿಲ್ಲ, ನಾಲ್ಕು ಅಂಕದ ಒಂದು ಲೆಕ್ಕಕ್ಕೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ತಪ್ಪು ಹಾಕಿತ್ತು. ಪ್ರಶ್ನೆ ಹೀಗಿತ್ತು: ಒಂದು ತ್ರಿಭುಜದ ಸುತ್ತಳತೆ ಇಪ್ಪತ್ತನಾಲ್ಕು. ಮೂರು ಬಾಹುಗಳೂ ಬೇರೆ ಬೇರೆ. ಅವುಗಳ ಉದ್ದ ಎಷ್ಟೆಷ್ಟು ಇರಬಹುದು? ನಾನು ಹನ್ನೆರಡು, ಏಳು, ಐದು ಎಂದು ಬರೆದಿದ್ದೆ. ಕೂಡಿಸಿದೆ, ಇಪ್ಪತ್ತನಾಲ್ಕು. ಮೂರೂ ಬೇರೆ ಬೇರೆ. ಇನ್ನೇನು ಬೇಕು? ಪಕ್ಕದಲ್ಲಿ ಮಾಷ್ಟ್ರು "ಇದು ತ್ರಿಭುಜವೇ ಅಲ್ಲ" ಎಂದು ಬರೆದಿದ್ದರು. ನನಗೆ ರೇಗಿಹೋಯಿತು. ಹುಟ್ಟಿನಿಂದಲೂ ನಾನು ವಾದದವಳು. ಪೇಪರು ಹಿಡಿದುಕೊಂಡು ಮೇಜಿನ ಹತ್ತಿರ ಹೋಗಿ ನಿಂತೆ.

"ಕೂಡಿಸಿ ನೋಡಿ ಸಾರ್. ಇಪ್ಪತ್ತನಾಲ್ಕು ಉಂಟು."

"ಉಂಟು. ಕೂಡಿಸುವ ಲೆಕ್ಕ ಸರಿ. ತ್ರಿಭುಜ ಎಲ್ಲಿ ಉಂಟು?"

"ಮೂರು ಬದಿ ಬರೆದಿದ್ದೇನಲ್ಲ?"

ಮಾಷ್ಟ್ರು ಬಡಕಲು ದೇಹದ, ನಿಧಾನ ಮಾತಿನವರು. ಬೈಯಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರಸಿದರು.

"ಒಂದು ಕೆಲಸ ಮಾಡು. ದೀಪಾವಳಿ ರಜೆ ಉಂಟಲ್ಲ, ಮನೆಯಲ್ಲಿ ಕಡ್ಡಿಯಲ್ಲೋ ಎಂತದರಲ್ಲೋ ಇದನ್ನು ಕಟ್ಟಿಕೊಂಡು ಬಾ. ಕಟ್ಟಿ ತಂದರೆ ನಾಲ್ಕು ಮಾರ್ಕು ಕೊಡ್ತೇನೆ."

ಇಡೀ ಕ್ಲಾಸು ಕೇಳಿತು. ನನಗೆ ಬೇಕಾದದ್ದೂ ಅದೇ. ನಾಲ್ಕು ಸಿಕ್ಕರೆ ಮೂವತ್ತೈದು. ಮೂವತ್ತೈದಾದರೆ ಅಪ್ಪನ ಮುಂದೆ ಪೇಪರು ಇಡಬಹುದು. ಅಲ್ಲಿಯವರೆಗೆ ಅದನ್ನು ಟ್ರಂಕಿನ ಹಿಂದೆ ಅಡಗಿಸಿಟ್ಟೆ.

ಇಲ್ಲಿ ನಮ್ಮ ಮನೆಯ ಗೂಡುದೀಪದ ವಿಷಯ ಹೇಳಬೇಕು. ದೀಪಾವಳಿಗೆ ಜಗಲಿಯ ಮುಂದೆ ತೂಗಿಬಿಡುವ ಆ ದೀಪದ ಗೂಡನ್ನು ಮಾಮಿ ಪ್ರತಿ ವರ್ಷವೂ ತಾನೇ ಕಟ್ಟುತ್ತಿದ್ದಳು. ಹೊಳೆಬದಿಯ ಮೆಳೆಯಿಂದ ಬಿದಿರು ತರಿಸಿ, ಹುಳ ಹಿಡಿಯದ ಹಾಗೆ ತೋಡಿನ ನೀರಿನಲ್ಲಿ ಎರಡು ವಾರ ಮುಳುಗಿಸಿಟ್ಟು, ಆಮೇಲೆ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿ, ಸೀಳಿ, ಕತ್ತಿಯಲ್ಲಿ ಹೆರೆದು ನುಣುಪು ಮಾಡಿದ ಎಂಟೇ ಎಂಟು ಸೀಳು. ಹೆಚ್ಚಿಲ್ಲ, ಕಡಿಮೆಯಿಲ್ಲ. ಜಗಲಿಯ ಕಂಬದಲ್ಲಿ ಅವಳು ಎರಡು ಗೀರು ಹಾಕಿದ್ದಳು, ಒಂದೊಂದು ಸೀಳೂ ಆ ಗೀರಿನಿಂದ ಈ ಗೀರಿಗೆ. ಬೀಡಿಯ ನೂಲನ್ನು ಸೀಳಿನಷ್ಟೇ ಉದ್ದಕ್ಕೆ ತುಂಡು ಮಾಡಿ, ಮೂರು ಮಡಿಕೆ ಮಾಡಿ, ಆ ಅಳತೆಗೆ ಸೀಳನ್ನು ಮೂರು ಸಮ ತುಂಡು ಮಾಡುವುದು. ಮೂರನ್ನು ಕಟ್ಟಿದರೆ ಒಂದು ತ್ರಿಕೋನ. ಹೀಗೆ ಎಂಟು ತ್ರಿಕೋನ. ಎಂಟನ್ನೂ ಮೂಲೆಗೆ ಮೂಲೆ ಕೂಡಿಸಿ ಅದೇ ನೂಲಿನಲ್ಲಿ ಬಿಗಿದರೆ ನಡುವೆ ಆರು ಚೌಕಗಳು ಯಾರೂ ಕಟ್ಟದೆ ತಾವಾಗಿಯೇ ಹುಟ್ಟಿಕೊಳ್ಳುತ್ತಿದ್ದವು. ಅದು ನನಗೆ ವರ್ಷವೂ ಆಶ್ಚರ್ಯ. ಅಪ್ಪ ಉಪ್ಪಿನಂಗಡಿ ಪೇಟೆಯಿಂದ ತಂದ ಬಣ್ಣದ ಕಾಗದ ಅಂಟಿಸಿ, ಒಳಗೆ ಹಣತೆ ಇಟ್ಟು ಏರಿಸಿದರೆ ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ತನ್ನದೆಂದು ಮಾಮಿಗೆ ಆ ಮನೆಯಲ್ಲಿ ಇದ್ದದ್ದು ಒಂದು ಟ್ರಂಕು, ವರ್ಷಕ್ಕೊಂದು ಗೂಡುದೀಪ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ. ಅಮ್ಮ ಬಚ್ಚಲಿನ ಹಂಡೆ ತಿಕ್ಕುತ್ತಿದ್ದಳು, ಅದಕ್ಕೆ ಬಿಳಿ ಶೇಡಿಮಣ್ಣಿನಲ್ಲಿ ಗೆರೆ ಬರೆದು, ಸೌತೆಬಳ್ಳಿ ಸುತ್ತಿ, ಸಂಜೆ ನೀರು ತುಂಬಬೇಕು. ಅಪ್ಪ ಕೆಲಸಕ್ಕೆ ಹೋಗಿದ್ದರು. ಮಾಮಿ ಅಡುಗೆಕೋಣೆಯಲ್ಲಿ ಅಕ್ಕಿ ಕಡೆಯುತ್ತಿದ್ದಳು. ಜಗಲಿಯ ಮೂಲೆಯಲ್ಲಿ ಎಂಟು ಸೀಳು ಒರಗಿಸಿಟ್ಟಿತ್ತು. ನಾನು ಅಪ್ಪನ ಅಳತೆಪಟ್ಟಿ ತಂದು ಒಂದಕ್ಕೆ ಹಿಡಿದು ನೋಡಿದೆ. ಇಪ್ಪತ್ತನಾಲ್ಕು ಇಂಚು! ದೇವರೇ ನನ್ನ ಕಡೆಗಿದ್ದಾನೆ ಎನಿಸಿತು. ಒಂದನ್ನು ತೆಗೆದು ಹನ್ನೆರಡು, ಏಳು, ಐದಕ್ಕೆ ಗುರುತು ಹಾಕಿ ಕತ್ತಿಯಿಂದ ಕತ್ತರಿಸಿದೆ. ಒಂದೇ ಸಾಕಿತ್ತು. ಆದರೆ ನನ್ನ ಹಠ ಒಂದಕ್ಕೆ ನಿಲ್ಲುವ ಜಾತಿಯದ್ದಲ್ಲ. ಒಂದು ತ್ರಿಕೋನ ತಂದರೆ ಮಾಷ್ಟ್ರು ಏನಾದರೂ ಕೊಂಕು ತೆಗೆದಾರು, ಇಡೀ ಗೂಡುದೀಪವನ್ನೇ ನನ್ನ ಅಳತೆಯಲ್ಲಿ ಕಟ್ಟಿ ಕ್ಲಾಸಿನ ಎದುರು ಹಿಡಿದರೆ ಬಾಯಿ ಮುಚ್ಚಬೇಕು. ಮಾಮಿಯ ದೀಪ ಪ್ರತಿ ವರ್ಷ ಒಂದೇ ಥರ, ಈ ಸಲ ಹೊಸ ಥರ ಆಗಲಿ, ಅವಳಿಗೂ ಖುಷಿಯಾದೀತು ಎಂದೂ ಒಂದು ನೆಪ ಹುಡುಕಿಕೊಂಡೆ. ಹೀಗೆ ಯೋಚಿಸುತ್ತಲೇ ಎಂಟನ್ನೂ ಕತ್ತರಿಸಿ ಮುಗಿಸಿದೆ. ಎಂಟು ಉದ್ದದ್ದು, ಎಂಟು ನಡುವಿನದ್ದು, ಎಂಟು ಗಿಡ್ಡ. ಇಪ್ಪತ್ತನಾಲ್ಕು ತುಂಡು ನನ್ನ ಮುಂದೆ ಚೊಕ್ಕವಾಗಿ ಸಾಲಾಗಿ ಮಲಗಿದ್ದವು.

ಆಮೇಲೆ ಕಟ್ಟಲು ಕೂತೆ. ಹನ್ನೆರಡರ ಒಂದು ತುದಿಗೆ ಏಳನ್ನು, ಇನ್ನೊಂದು ತುದಿಗೆ ಐದನ್ನು ನೂಲಿನಲ್ಲಿ ಬಿಗಿದೆ. ಈಗ ಏಳರ ತುದಿಯೂ ಐದರ ತುದಿಯೂ ಮೇಲೆ ಎಲ್ಲೋ ಕೂಡಬೇಕು. ಮೇಲಕ್ಕೆ ಎತ್ತಿ ಹಿಡಿದರೆ ನಡುವೆ ಅಂತರ. ಅಂತರ ಮುಚ್ಚಲು ಬಗ್ಗಿಸಿದೆ, ಇನ್ನೂ ಅಂತರ. ಇನ್ನೂ ಬಗ್ಗಿಸಿದೆ. ಕಡೆಗೆ ಎರಡೂ ತುದಿ ಒಂದಕ್ಕೊಂದು ತಾಗಿದ್ದು ಎರಡೂ ಕಡ್ಡಿ ಹನ್ನೆರಡರ ಮೇಲೆ ಪೂರ್ತಿ ಮಲಗಿದಾಗ. ಒಂದರ ಮೇಲೆ ಒಂದು, ಒಂದೇ ಗೆರೆ. ಕಟ್ಟಿದ್ದು ಸಡಿಲವಾಗಿರಬೇಕು ಎಂದು ಬಿಚ್ಚಿ ಇನ್ನೊಂದು ಜೊತೆ ತೆಗೆದುಕೊಂಡೆ. ಅದೂ ಮಲಗಿತು. ಮೂರನೆಯದೂ ಮಲಗಿತು. ನಾಲ್ಕನೆಯದಕ್ಕೆ ಬರುವಾಗ ನನಗೆ ಅರ್ಥವಾಗಿತ್ತು, ಆದರೂ ಕೈ ಕಟ್ಟುತ್ತಲೇ ಇತ್ತು, ನಿಲ್ಲಿಸಿದರೆ ಒಪ್ಪಿಕೊಂಡ ಹಾಗಾಗುತ್ತದಲ್ಲ. ಆ ಹೊತ್ತಿಗೆ ನೆನಪಾದದ್ದು ಬಿದಿರು. ತೋಡಿನ ನೀರಲ್ಲಿ ಎರಡು ವಾರ, ಅಟ್ಟದ ಹೊಗೆಯಲ್ಲಿ ಅಷ್ಟೇ ದಿನ. ನಾಳೆ ಹಬ್ಬ. ಇನ್ನು ಈ ವರ್ಷ ಸೀಳು ಸಿಗುವುದಿಲ್ಲ. ಮಾಮಿಯ ದೀಪ ನನ್ನ ಕೈಯಿಂದ ಹೋಯಿತು. ನಾಲ್ಕು ಮಾರ್ಕೂ ಹೋಯಿತು, ಕಡಬದ ಬಸ್ಸೂ ಹೋಯಿತು. ಕೆಂಪು ಗೋಡೆಗೆ ಮುಖ ಒತ್ತಿ ಅತ್ತೆ.

ಮಾಮಿ ಯಾವಾಗ ಬಂದು ನಿಂತಳೋ ತಿಳಿಯದು. ಕೈಯಲ್ಲಿ ಅಕ್ಕಿಹಿಟ್ಟು ಹಾಗೇ ಇತ್ತು. ನೆಲದ ಮೇಲಿನ ತುಂಡುಗಳನ್ನೂ ನನ್ನ ಕೆಂಪು ಮುಖವನ್ನೂ ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಹಗುರವಾಗುತ್ತಿತ್ತು.

"ಎಂತ ಮಾರಾಯ್ತಿ, ಗೋಡೆಗೆ ಬಣ್ಣ ಬಳಿಯುದಾ ಮುಖಕ್ಕೆ ಬಣ್ಣ ಬಳಿಯುದಾ?"

ಬಿಕ್ಕುತ್ತ ಎಲ್ಲ ಹೇಳಿದೆ. ಪೇಪರು, ಮೂವತ್ತೊಂದು, ಮಾಷ್ಟ್ರ ಮಾತು, ಟ್ರಂಕಿನ ಹಿಂದೆ ಅಡಗಿಸಿದ್ದು. ಅವಳು ಕೈ ತೊಳೆದು ಬಂದು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ಮಲಗಿದ ತ್ರಿಕೋನವನ್ನು ಎತ್ತಿ ಅಲ್ಲಾಡಿಸಿದಳು.

"ಸಣ್ಣವು ಎರಡು ಕೂಡಿದರೆ ದೊಡ್ಡದರಷ್ಟೇ ಉಂಟು. ಅಷ್ಟೇ ಇದ್ದರೆ ಮಲಗುದೇ. ಒಂದು ಬೆರಳಾದರೂ ಹೆಚ್ಚು ಬೇಕು, ಆಗ ಏಳ್ತದೆ."

ಏಳು ವರ್ಷ ಶಾಲೆಗೆ ಹೋದ ನನಗೆ ಗೊತ್ತಿಲ್ಲದ್ದು ಮೂರನೇ ಕ್ಲಾಸಿನವಳ ಬೆರಳಿಗೆ ಗೊತ್ತಿತ್ತು. ನಾನು ಬಾಯಿ ಬಿಟ್ಟು ನೋಡಿದೆ.

"ಈಗ ಅಳುದು ಬಿಡು. ಇಪ್ಪತ್ತನಾಲ್ಕು ಉಂಟಲ್ಲ? ಯಾವ ಮೂರು ಕಟ್ಟಿದರೆ ನಿಲ್ತದೆ, ನೋಡು. ಒಂದು ಕಡ್ಡಿಯೂ ಉಳಿಯಬಾರದು."

ಆ ಮಧ್ಯಾಹ್ನ ನನ್ನ ಜೀವನದ ಮೊದಲ ಗಣಿತದ ಪಾಠ. ಮಾಮಿ ಒಂದು ಬದಿಯಲ್ಲಿ ಬೀಡಿ ಸುತ್ತುತ್ತ ಕೂತಳು, ನಾನು ಕಡ್ಡಿಗಳ ಮುಂದೆ. ಹನ್ನೆರಡು, ಐದು, ಐದು: ತುದಿಗಳು ಒಂದನ್ನೊಂದು ಮುಟ್ಟುವುದೇ ಇಲ್ಲ, ನಡುವೆ ಎರಡು ಇಂಚು ಖಾಲಿ. ಹನ್ನೆರಡು, ಏಳು, ಏಳು: ಎದ್ದಿತು! ಗಿಡ್ಡವಾದರೂ ಎದ್ದಿತು. ಏಳು, ಏಳು, ಐದು ನಿಂತಿತು. ಐದು, ಐದು, ಏಳು ನಿಂತಿತು. ಹನ್ನೆರಡು, ಹನ್ನೆರಡು, ಐದು ಅಂತೂ ಎತ್ತರಕ್ಕೆ ನೆಟ್ಟಗೆ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಕಟ್ಟಿ ನೋಡುವುದೇ ಬೇಕಾಗಲಿಲ್ಲ. ಸಣ್ಣವೆರಡನ್ನು ಮನಸ್ಸಿನಲ್ಲೇ ಕೂಡಿಸಿ ದೊಡ್ಡದರ ಪಕ್ಕ ಹಿಡಿದರೆ ಸಾಕು, ನಿಲ್ಲುವುದೋ ಮಲಗುವುದೋ ಹೇಳಬಹುದಿತ್ತು. ಒಂದು ಲೆಕ್ಕ ಕೈಯಿಂದ ತಲೆಗೆ ಹತ್ತುವುದು ಹೇಗಿರುತ್ತದೆಂದು ಅಂದು ತಿಳಿಯಿತು. ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟೆನಲ್ಲ, ಒಂದೊಂದು ಮಗುವಿನ ಮುಖದಲ್ಲೂ ನಾನು ಹುಡುಕಿದ್ದು ಆ ಗಳಿಗೆಯನ್ನೇ.

ಒಂದೂ ಉಳಿಯದ ಹಾಗೆ ಹಂಚುವುದು ಸುಲಭವಿರಲಿಲ್ಲ. ಕಡೆಗೆ ಎರಡು ದಾರಿ ಸಿಕ್ಕವು. ನಾಲ್ಕು ತ್ರಿಕೋನ ಹನ್ನೆರಡು, ಹನ್ನೆರಡು, ಐದು ಎಂದು ಕಟ್ಟಿ, ಉಳಿದ ನಾಲ್ಕನ್ನು ಏಳು, ಏಳು, ಐದು ಎಂದು ಕಟ್ಟುವುದು ಒಂದು. ಇಲ್ಲವೇ ನಾಲ್ಕು ಹನ್ನೆರಡು, ಹನ್ನೆರಡು, ಏಳು, ಉಳಿದ ನಾಲ್ಕು ಐದು, ಐದು, ಏಳು. ಎರಡರಲ್ಲೂ ಇಪ್ಪತ್ತನಾಲ್ಕು ಕಡ್ಡಿಯೂ ಮುಗಿಯುತ್ತದೆ. ಮಾಮಿಗೆ ತೋರಿಸಿದೆ. ಅವಳು ಹಣತೆ ಕೂರಿಸಲೆಂದು ಮೂಲೆಯಲ್ಲಿಟ್ಟಿದ್ದ ತೆಂಗಿನ ಚಿಪ್ಪು, ಗೆರಟೆಯೊಂದನ್ನು ತಂದು ಐದರ ಕಡ್ಡಿಗೂ ಏಳರ ಕಡ್ಡಿಗೂ ಹಿಡಿದು ನೋಡಿದಳು.

"ಐದರ ಬಾಯಿಗೆ ಗೆರಟೆ ಇಳಿಯುದಿಲ್ಲ. ಏಳು ಇರಲಿ."

ನಾಲ್ಕು ಉದ್ದ ತ್ರಿಕೋನಗಳನ್ನು ಏಳರ ಬದಿ ಮೇಲೆ ಮಾಡಿ ಕೂಡಿಸಿದಾಗ ಕೆಳಗೆ ಚೂಪಾದ ಒಂದು ಗೂಡಾಯಿತು, ಮೇಲೆ ಚೌಕದ ಬಾಯಿ. ಆ ಬಾಯಿಯ ಮೇಲೆ ನಾಲ್ಕು ಗಿಡ್ಡ ತ್ರಿಕೋನಗಳು ಮುಚ್ಚಳದ ಹಾಗೆ. ಮುಚ್ಚಳ ಎಷ್ಟು ಚಪ್ಪಟೆಯಾಗಿತ್ತೆಂದರೆ ನಡುವೆ ತುಸುವೇ ಉಬ್ಬಿತ್ತು. ಒಟ್ಟು ನೋಡಿದರೆ ದೊಡ್ಡದೊಂದು ಬುಗುರಿ. ಮುಚ್ಚಳಕ್ಕೆ ಕಾಗದ ಬೇಡ, ಹೊಗೆ ಹೋಗಲಿ ಎಂದಳು ಮಾಮಿ. ನಡುವಿನ ಗಂಟಿಗೆ ನೂಲಾದರೆ ಬಿಸಿಗೆ ಸುಟ್ಟೀತೆಂದು ಅಪ್ಪನ ಕೋಣೆಯಿಂದ ಕಬ್ಬಿಣದ ಸರಿಗೆ ತಂದು ಸುತ್ತಿದಳು. ಎಷ್ಟೋ ವರ್ಷಗಳ ಮೇಲೆ, ಕಾಲೇಜಿನಲ್ಲಿ ಕೂತು ಲೆಕ್ಕ ಹಾಕಿದೆ. ಏಳರ ಚೌಕಕ್ಕೆ ಮೂಲೆಯಿಂದ ಮೂಲೆಗೆ ಹತ್ತು ಇಂಚಿಗೆ ಕೂದಲೆಳೆಯಷ್ಟು ಕಡಿಮೆ. ಎದುರೆದುರು ಮೂಲೆಗಳಿಂದ ಬರುವ ಐದು ಮತ್ತು ಐದು ಕೂಡಿದರೆ ಹತ್ತು. ಆ ಕೂದಲೆಳೆಯಷ್ಟು ಹೆಚ್ಚಿನ ಮೇಲೆ ನಮ್ಮ ಮುಚ್ಚಳ ನಿಂತಿತ್ತು. ಆ ದಿನ ನಮ್ಮಿಬ್ಬರಿಗೂ ಅದು ಗೊತ್ತಿರಲಿಲ್ಲ.

ಮಾರನೆಯ ದಿನ ಎಣ್ಣೆಸ್ನಾನ ಮುಗಿಸಿ, ದೋಸೆ, ಬೆಲ್ಲದ ಅವಲಕ್ಕಿ ತಿನ್ನಲು ಕೂತಿದ್ದೆವು. ಹಿಂದಿನ ರಾತ್ರಿ ತಡವಾಗಿ ಬಂದಿದ್ದ ಅಪ್ಪ ಜಗಲಿಯಲ್ಲಿ ತೂಗುತ್ತಿದ್ದ ಬುಗುರಿಯನ್ನು ಆಗಷ್ಟೇ ನೋಡಿದ್ದರು.

"ಇದೆಂತ ಅಕ್ಕ, ಈ ಸಲ ಹೀಗೆ ಕಟ್ಟಿದ್ದು?"

"ನಾನು ಕಟ್ಟಿದ್ದಲ್ಲ. ನಿನ್ನ ಮಗಳ ಲೆಕ್ಕ ಅದು. ಅವಳ ಹತ್ತಿರ ಕೇಳು."

ಹೇಳದೆ ದಾರಿಯಿರಲಿಲ್ಲ. ಪೇಪರು ತಂದು ಅಪ್ಪನ ಮುಂದಿಟ್ಟೆ. ಮೂವತ್ತೊಂದನ್ನು ಅವರು ಬಹಳ ಹೊತ್ತು ನೋಡಿದರು. ನಾನು ಗುಡಿಸುವ ಹಿಡಿಸೂಡಿಯಿಂದ ಮೂರು ಕಡ್ಡಿ ಕಿತ್ತು ತಂದು, ಹನ್ನೆರಡು, ಏಳು, ಐದು ಯಾಕೆ ಮಲಗುತ್ತದೆಂದು ಒಂದೇ ಉಸಿರಿಗೆ ತೋರಿಸಿದೆ. ಆಗ ಇದ್ದಕ್ಕಿದ್ದ ಹಾಗೆ ಹೊಳೆಯಿತು.

"ಅಪ್ಪ, ನಿಮ್ಮ ಹಗ್ಗ! ಮೂರು, ನಾಲ್ಕು ಕೂಡಿದರೆ ಏಳು, ಐದಕ್ಕಿಂತ ಹೆಚ್ಚು. ಅದಕ್ಕೇ ಅದು ನಿಲ್ಲುದು. ಅದನ್ನೇ ಎರಡರಷ್ಟು ಮಾಡಿದರೆ ಆರು, ಎಂಟು, ಹತ್ತು. ಇಪ್ಪತ್ತನಾಲ್ಕು!"

ಅಪ್ಪನ ಕೈಯಲ್ಲಿದ್ದ ದೋಸೆಯ ತುಂಡು ಹಾಗೇ ನಿಂತಿತು.

"ಹಾಗಾದರೆ ಅದನ್ನೇ ಬರೆಯಬಹುದಿತ್ತಲ್ಲ?"

"ಬರೆಯಬಹುದಿತ್ತು."

ಅವರು ನಕ್ಕರು. ಆದರೆ ನಗು ಬೇಗ ಇಳಿಯಿತು. ಲೆಕ್ಕ ಗೊತ್ತಾದದ್ದು ಒಳ್ಳೆಯದೇ, ಫೇಲಾದದ್ದು ಫೇಲೇ, ಅಮ್ಮನ ಭುಜ ಅಮ್ಮನ ಭುಜವೇ ಎಂದರು. ಇವಳು ದಿನವಿಡೀ ಕಡಬಕ್ಕೆ ಹೋದರೆ ಬೀಡಿಯ ಕೆಲಸ ಯಾರು ಮಾಡುವುದು? ಆಗ ಮಾಮಿ ಒಲೆಯ ಬಳಿ ಅಮ್ಮನ ಪಕ್ಕದಿಂದ ಎದ್ದು ಬಂದು ಅಪ್ಪನ ಎದುರೇ ಕೂತಳು.

"ಅವಳ ಪಾಲಿನದ್ದು ನಾನು ಮಾಡ್ತೇನೆ."

"ನೀನೊಬ್ಬಳು ಎಷ್ಟು ಅಂತ ಮಾಡ್ತಿ ಅಕ್ಕ?"

"ಅದು ನನ್ನ ಲೆಕ್ಕ. ಈ ಮನೆಯಲ್ಲಿ ನೀನು ಉದ್ದದ ಕಡ್ಡಿ ತಮ್ಮ. ನಿನ್ನ ಮಾತಿನ ಮೇಲೆ ನಾವೆಲ್ಲ ಇರುದು. ಇವಳು ಸಣ್ಣದು, ನಾನೂ ಸಣ್ಣದು. ನಾವಿಬ್ಬರೂ ಕೂಡಿ ನಿನ್ನಷ್ಟು ಆಗಬಹುದು. ಅಷ್ಟಾದರೆ ಮಲಗುದೇ, ನೀನೂ ನೋಡಿದಿಯಲ್ಲ. ತೊಟ್ಟಿಲು ತೂಗಲಿಕ್ಕೆ ನನ್ನನ್ನು ಬಿಡಿಸಿದರು. ನಾನು ತೂಗಿದೆ. ಆ ತೊಟ್ಟಿಲಲ್ಲಿ ಇದ್ದದ್ದು ನೀನು."

ಅಪ್ಪ ನೆಲ ನೋಡುತ್ತಿದ್ದರು. ನನ್ನ ಅಮ್ಮ ಅಪ್ಪನ ಎದುರು ಮಾತಾಡಿದ್ದನ್ನು ನಾನು ಕಂಡದ್ದು ಕಡಿಮೆ. ಅವಳು ಒಲೆಯ ಮುಂದಿನಿಂದ ತಿರುಗಲೂ ಇಲ್ಲ. ಎಡಗೈಯಿಂದ ದೋಸೆ ಮಗುಚುತ್ತಲೇ ಹೇಳಿದಳು:

"ನನ್ನ ಭುಜದ ಹೆಸರು ಹೇಳಿ ಅವಳನ್ನು ನಿಲ್ಲಿಸುದು ಬೇಡ. ನಾನು ಹೇಗಾದರೂ ಮಾಡಿಕೊಳ್ತೇನೆ. ಅವಳು ಹೋಗಲಿ."

ಅಷ್ಟೇ ಮಾತು. ಮಾಮಿ ಹೇಳಿದ ಆ ಒಂದು ಬೆರಳು ಹೆಚ್ಚು ಅಮ್ಮನಿಂದ ಬಂತು. ಅಪ್ಪ ಕೈ ತೊಳೆಯಲು ಎದ್ದರು, ಬಾಗಿಲ ಹತ್ತಿರ ನಿಂತು ಬೆನ್ನು ತಿರುಗಿಸಿಯೇ ಹೇಳಿದರು, "ಮಾರ್ಚಿಯಲ್ಲಿ ಪಾಸಾಗಲಿ. ಮತ್ತೆ ಕಡಬಕ್ಕೆ ಹೋಗಲಿ." ನಾನು ಬಚ್ಚಲಿಗೆ ಓಡಿ, ಸೌತೆಬಳ್ಳಿ ಸುತ್ತಿದ ಹಂಡೆಯನ್ನು ತಬ್ಬಿಕೊಂಡು ಮತ್ತೆ ಅತ್ತೆ. ಈ ಸಲ ಮುಖಕ್ಕೆ ಮಸಿ.

ರಜೆ ಮುಗಿದ ಮೇಲೆ ಬುಗುರಿಯನ್ನು ಜೋಪಾನವಾಗಿ ಹಿಡಿದುಕೊಂಡು ಶಾಲೆಗೆ ಹೋದೆ. ಮಾಷ್ಟ್ರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು, ಎಲ್ಲರಿಗೂ ತೋರಿಸಿದರು, ಬಾಯ್ತುಂಬ ಹೊಗಳಿದರು. ನಾಲ್ಕು ಮಾರ್ಕು ಮಾತ್ರ ಕೊಡಲಿಲ್ಲ. "ನಾನು ಕಟ್ಟಲಿಕ್ಕೆ ಹೇಳಿದ್ದು ಹನ್ನೆರಡು, ಏಳು, ಐದು. ಇದು ಬೇರೆ" ಎಂದರು. ನ್ಯಾಯವೇ. ಆದರೆ ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲವಲ್ಲ, ಮನೆಗೆ ಬಂದು ಆ ನಾಲ್ಕಕ್ಕಾಗಿ ಒಂದು ವಾರ ಗೊಣಗಿದೆ. ಮಾರ್ಚಿಯಲ್ಲಿ ಪಾಸಾದೆ. ಜೂನಿನಲ್ಲಿ ನೀಲಿ ಲಂಗ ಉಟ್ಟು ಬಸ್ಸು ಹತ್ತಿದೆ. ಹೈಸ್ಕೂಲಿನ ಮೂರು ವರ್ಷವೂ ನಾನು ಏಳುವ ಹೊತ್ತಿಗೆ ಜಗಲಿಯಲ್ಲಿ ಮಾಮಿ ಕತ್ತರಿ ಹಿಡಿದು ಕೂತಾಗಿರುತ್ತಿತ್ತು. ಅವಳು ನನ್ನ ಪಾಲು ಮಾಡುತ್ತಿದ್ದಾಳೆಂದು ಗೊತ್ತಿತ್ತು. ಅದು ಎಷ್ಟು ಹೆಚ್ಚಿನ ಕೆಲಸವೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕೇಳಬೇಕಿತ್ತು. ಆ ವಯಸ್ಸಿನಲ್ಲಿ ಬಸ್ಸು ತಪ್ಪುವ ಚಿಂತೆಯೇ ದೊಡ್ಡದಾಗಿತ್ತು.

ಅಪ್ಪ ಅಮ್ಮ ಈಗಿಲ್ಲ. ಮಾಮಿ ನನ್ನ ಜೊತೆ ಪುತ್ತೂರಿನಲ್ಲಿದ್ದಾಳೆ. ತೊಂಬತ್ತಕ್ಕೆ ಹತ್ತಿರ, ಕಣ್ಣು ಮಂಜು, ನಾಲಿಗೆ ಮಾತ್ರ ಹಳೆಯದೇ. ಪೇಟೆಯಲ್ಲಿ ಪ್ಲಾಸ್ಟಿಕ್ಕಿನ ಗೂಡುದೀಪ ಬೇಕಾದಷ್ಟು ಸಿಗುತ್ತದೆ, ನಾವು ಈಗಲೂ ಕಟ್ಟುತ್ತೇವೆ. ನಾನು ಕಡ್ಡಿ ಕತ್ತರಿಸಿ ಕೊಡುತ್ತೇನೆ, ಅವಳು ಕೈಯಲ್ಲಿ ಸವರಿ ನೋಡಿಯೇ ಗಂಟು ಹಾಕುತ್ತಾಳೆ. ಹೋದ ದೀಪಾವಳಿಗೆ ಹಾಗೆ ಕೂತಿದ್ದಾಗ ಹಳೆಯ ಬುಗುರಿಯ ಮಾತು ಬಂತು. ನಾನು ನಗುತ್ತ, ಆ ಎಂಟು ಸೀಳು ಹಾಳು ಮಾಡಿದ್ದಕ್ಕೆ ನೀನು ಯಾಕೆ ಹೊಡೆಯಲಿಲ್ಲ ಎಂದು ಕೇಳಿದೆ. ಮಾಮಿ ನೂಲಿನ ತುದಿಯನ್ನು ಹಲ್ಲಿನಿಂದ ಕಡಿದಳು.

"ಹೊಡೆಯುದೆಂತಕ್ಕೆ? ನಾನು ನೋಡುತ್ತಿದ್ದೆನಲ್ಲ."

"ಎಂತ ನೋಡುತ್ತಿದ್ದದ್ದು?"

"ನೀನು ಕತ್ತರಿಸುದು. ಅಕ್ಕಿ ಕಡೆಯುದು ನಿಲ್ಲಿಸಿ ಬಾಗಿಲ ಹಿಂದೆ ಬಂದು ನಿಂತಿದ್ದೆ. ಮೊದಲನೇ ಸೀಳು ತುಂಡಾದಾಗಲೇ ಗೊತ್ತಾಯ್ತು, ಇದು ನಿಲ್ಲುದಿಲ್ಲ ಅಂತ."

ನನ್ನ ಕೈಯ ಕತ್ತಿ ನಿಂತಿತು. ಎಂಟೂ ಸೀಳು, ತೋಡಿನ ನೀರು, ಅಟ್ಟದ ಹೊಗೆ, ವರ್ಷಕ್ಕೆ ಅವಳದ್ದೆಂದು ಇದ್ದ ಒಂದೇ ಒಂದು ದೀಪ. ಒಂದೊಂದನ್ನೂ ನಾನು ಕತ್ತರಿಸುವಾಗ ಅವಳು ಬಾಗಿಲ ಹಿಂದೆ ನಿಂತು ನೋಡಿದ್ದಾಳೆ.

"ಮತ್ತೆ ಯಾಕೆ ನಿಲ್ಲಿಸಲಿಲ್ಲ ಮಾಮಿ?"

"ನಿಲ್ಲಿಸಿದ್ದರೆ ನೀನು ಇವತ್ತಿಗೂ ಆ ನಾಲ್ಕು ಮಾರ್ಕು ಕೇಳುತ್ತಿದ್ದಿ."

ನನಗೆ ನಗು ಬರಲಿಲ್ಲ. ಕತ್ತಿ ಕೆಳಗಿಟ್ಟೆ.

"ಅಷ್ಟೂ ಬಿದಿರು ಹಾಳಾಯಿತಲ್ಲ ನಿನ್ನದು."

ಮಾಮಿ ಮಂಜುಗಣ್ಣನ್ನು ನನ್ನ ಕಡೆ ತಿರುಗಿಸಿದಳು. ಇಷ್ಟು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವಳಿಗೆ ಇಷ್ಟೂ ಗೊತ್ತಿಲ್ಲವೇ ಎಂಬ ಹಾಗಿತ್ತು ಆ ಮುಖ.

"ಎಲ್ಲಿ ಹಾಳಾದದ್ದು? ಇಪ್ಪತ್ತನಾಲ್ಕೂ ಕಟ್ಟಿದ್ದೇವೆ, ಮಗಾ. ಒಂದಾದರೂ ಉಳಿದಿತ್ತಾ?"